ಎಲೆ ಎಷ್ಟು ಹಾಕಲಿ?



ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಮಣ್ಣುರಸ್ತೆ ಕಣಿವೆಗೆ ಇಳಿಯುವುದು ಕಾಣುತ್ತದೆ. ಕೆಳಗೆ ಅಡಿಕೆ ತೋಟ, ಅದರ ಅಂಚಿಗೆ ನಾಲ್ಕೋ ಆರೋ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಅಲ್ಲಿ ಊರು ಅಂದರೆ ಇಷ್ಟೆ. ನಾನು ಹುಡುಗನಾಗಿದ್ದಾಗ ಅಂಥ ಊರುಗಳಲ್ಲಿ ಚಾ ಅಂಗಡಿ ಕೂಡ ಇರಲಿಲ್ಲ. ಸರ್ವೆಯವರು ಬರಲಿ, ಬಳೆಗಾರ ಬರಲಿ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಬರಲಿ, ಮಧ್ಯಾಹ್ನವಾದರೆ ಯಾವುದಾದರೊಂದು ಮನೆಯಲ್ಲೇ ಉಣ್ಣಬೇಕು. ನಮ್ಮೂರಿನಲ್ಲಿ ಆ ಮನೆ ಹೆಚ್ಚಾಗಿ ನಮ್ಮದೇ ಆಗುತ್ತಿತ್ತು. ರಸ್ತೆ ಇಳಿದವರಿಗೆ ಮೊದಲು ಸಿಗುವ ಮನೆ ನಮ್ಮದು ಎಂಬುದು ಒಂದು ಕಾರಣ. ಆ ಮನೆಯಲ್ಲಿ ನನ್ನ ಅಜ್ಜಿ ಇದ್ದಳು ಎಂಬುದು ಇನ್ನೊಂದು.

ಅಜ್ಜಿಯನ್ನು ಎಲ್ಲರೂ ಅನ್ನಪೂರ್ಣೆ ಎನ್ನುತ್ತಿದ್ದರು. ಈ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಅನ್ನಪೂರ್ಣೆ ದೇವರು, ಅವಳ ಕೈಯಲ್ಲಿರುವ ಪಾತ್ರೆ ಬರಿದಾಗುವುದಿಲ್ಲ. ನಮ್ಮ ಅಜ್ಜಿಯ ಪಾತ್ರೆ ಬರಿದಾಗುತ್ತಿತ್ತು. ಅದು ಬರಿದಾಗುವ ಮೊದಲು ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಈಹೊತ್ತು ನಾನು ಹೇಳಹೊರಟಿರುವುದು ಆ ತಿಳಿವಳಿಕೆಯ ಬಗ್ಗೆ.

ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಮೊದಲು ಕಾಲಿಗೆ ನೀರು. ಜಗಲಿಯಲ್ಲಿ ಕಂಬಳಿಯೋ ಚಾಪೆಯೋ ಬೀಳುತ್ತಿತ್ತು. ಆಮೇಲೆ ಆಸರಿ. ಬೇಸಿಗೆಯಾದರೆ ಮಜ್ಜಿಗೆ ಅಥವಾ ಪುನರ್ಪುಳಿಯ ಪಾನಕ, ಮಳೆಗಾಲವಾದರೆ ಕಷಾಯ. ಏನೂ ಆಗದ ಹೊತ್ತಿನಲ್ಲಿ ತಣ್ಣೀರು ಮತ್ತು ಬೆಲ್ಲ. ಅಷ್ಟು ಹೊತ್ತಿಗೆ ಅಜ್ಜ ಕವಳದ ತಬಕು ಮುಂದೆ ಸರಿಸುತ್ತಿದ್ದರು. ಅವರು ಅಡಿಕೆಯ ಧಾರಣೆ ವಿಚಾರಿಸುತ್ತ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಂತೆ ಅಜ್ಜಿ ಬಾಗಿಲಿಗೆ ಬಂದು ಒಂದು ಪ್ರಶ್ನೆ ಕೇಳುತ್ತಿದ್ದಳು: "ಮಿಂದ್ಕಂಡು ಬತ್ರೋ, ಹಂಗೇ ಉಣ್ತ್ರೋ?" ಇದರಲ್ಲಿ ಬೇಡ ಎನ್ನುವುದಕ್ಕೆ ಜಾಗವೇ ಇಲ್ಲ. ಊಟ ಆಗಲೇ ತೀರ್ಮಾನವಾಗಿದೆ, ಸ್ನಾನವಷ್ಟೇ ಬಂದವರ ಇಷ್ಟ. ಅವಸರದಲ್ಲಿದ್ದ ಎಷ್ಟೋ ಜನ ಈ ಪ್ರಶ್ನೆಗೆ ಸಿಕ್ಕಿಬಿದ್ದು, ಮಿಂದು, ಉಂಡು, ಒಂದು ನಿದ್ದೆಯನ್ನೂ ಮುಗಿಸಿ ಸಂಜೆಯ ಚಾ ಕುಡಿದು ಹೋದದ್ದನ್ನು ನೋಡಿದ್ದೇನೆ.

ನಮ್ಮದು ಶ್ರೀಮಂತ ಮನೆಯಲ್ಲ. ಸಣ್ಣ ತೋಟ, ಒಂದಿಷ್ಟು ಗದ್ದೆ. ಕೈಗೆ ಹಣ ಬರುತ್ತಿದ್ದುದು ವರ್ಷಕ್ಕೊಮ್ಮೆ, ಅಡಿಕೆ ಮಾರಿದಾಗ. ಶಿರಸಿಯಲ್ಲಿ 1923ರಲ್ಲೇ ತೋಟಗಾರರು ಸೇರಿ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡಿದ್ದರಿಂದ ಮಾಲು ಹಾಕಲು ಒಂದು ಜಾಗವಿತ್ತು, ಅಡಚಣೆಗೆ ಮುಂಗಡವೂ ಸಿಗುತ್ತಿತ್ತು. ಆದರೂ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಎಂಬ ಕಲಮು ಕಂಡ ನೆನಪು ಯಾರಿಗೂ ಇಲ್ಲ. ಅಂಥ ಮನೆಯಲ್ಲಿ ದಿನಕ್ಕಿಷ್ಟು ಎಲೆ ಹೆಚ್ಚಿಗೆ ಬೀಳುವುದು ಹೇಗೆ?

ಅಜ್ಜಿಯ ಅಡುಗೆಯನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಅವಳು ಅತಿಥಿಗಳಿಗೆ ಬಡಿಸುತ್ತಿದ್ದುದರಲ್ಲಿ ಹಣ ಕೊಟ್ಟು ತರುವ ಪದಾರ್ಥ ಬಹಳ ಕಡಿಮೆ. ತೊಗರಿಬೇಳೆ ಪೇಟೆಯದು, ಅದಕ್ಕೆ ಹುಳಿ ಹಬ್ಬದ ದಿನ ಮಾತ್ರ. ಸಕ್ಕರೆ ಪೇಟೆಯದು, ಅದು ಡಬ್ಬಿಯಲ್ಲೇ ಇರುತ್ತಿತ್ತು. ಅಕ್ಕಿ ಗದ್ದೆಯದು, ಮಜ್ಜಿಗೆ ಕೊಟ್ಟಿಗೆಯದು, ಬೆಲ್ಲ ಆಲೆಮನೆಯಲ್ಲಿ ಕಾಯಿಸಿ ಕೊಡಗಳಲ್ಲಿ ತುಂಬಿಟ್ಟ ಜೋನಿ, ಎಲೆ ಹಿತ್ತಲ ಬಾಳೆಯದು. ಲೆಕ್ಕದ ಪುಸ್ತಕಕ್ಕೆ ಏರದ ವಸ್ತುಗಳಿಂದಲೇ ಅವಳು ಊರಿಗೆ ಊಟ ಹಾಕುತ್ತಿದ್ದಳು. ಅಜ್ಜ ಖರ್ಚಿನ ಬಗ್ಗೆ ಗೊಣಗಿದ್ದೇ ಇಲ್ಲ ಎನ್ನುತ್ತಾರೆ. ಗೊಣಗಲು ಅವರಿಗೆ ಆಧಾರವೇ ಸಿಗುತ್ತಿರಲಿಲ್ಲ!

ಈ ವಿದ್ಯೆಯಲ್ಲಿ ಅವಳ ಬಲಗೈ ತಂಬುಳಿ. ಇಬ್ಬರು ಉಣ್ಣುವಲ್ಲಿ ಐವರಾದರು ಎನ್ನಿ. ಒಬ್ಬ ಮೊಮ್ಮಗನನ್ನು ಬಾವಿಕಟ್ಟೆಯ ಹತ್ತಿರ ಓಡಿಸುವುದು, ಒಂದು ಹಿಡಿ ಒಂದೆಲಗ ಕಿತ್ತು ತರಿಸುವುದು. ಜೀರಿಗೆ, ಕಾಳುಮೆಣಸು, ನಾಲ್ಕು ಚೂರು ಕಾಯಿ ಸೇರಿಸಿ ಒರಳಿನಲ್ಲಿ ರುಬ್ಬಿ, ಮಜ್ಜಿಗೆಗೆ ಕದಡಿ, ಒಗ್ಗರಣೆ ಕೊಟ್ಟರೆ ಆಯಿತು. ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಸಾರಿನ ಚಿಂತೆ ಮುಗಿದಿರುತ್ತಿತ್ತು. ಇನ್ನೂ ಮೂವರು ಬಂದರೆ ಇನ್ನೊಂದು ಚೊಂಬು ಮಜ್ಜಿಗೆ. ಒಂದೆಲಗ ಇಲ್ಲವಾದರೆ ಸಾಂಬಾರಸೊಪ್ಪು, ಅದಿಲ್ಲದಿದ್ದರೆ ದಾಳಿಂಬೆಯ ಕುಡಿ, ಮಳೆಗಾಲಕ್ಕೆಂದು ಒಣಗಿಸಿಟ್ಟ ಕೊಡಸಿಗದ ಹೂವು, ಅಂಬೆಕೊಂಬು. ಬಂದವರ ಮುಖ ನೋಡಿ ಆರಿಸುತ್ತಿದ್ದಳು ಎಂದು ಆಯಿ, ಅಂದರೆ ನನ್ನ ತಾಯಿ, ಹೇಳುತ್ತಿದ್ದಳು. ಹೊಟ್ಟೆ ಕೆಟ್ಟವನಿಗೆ ಕೊಡಸಿಗ, ಬಿಸಿಲಲ್ಲಿ ನಡೆದು ಬಂದವನಿಗೆ ಒಂದೆಲಗ, ಹೀಗೆ.

ಅಪ್ಪೆಮಿಡಿಯ ವಿಷಯ ಬಿಟ್ಟರೆ ನಮ್ಮ ಕಡೆಯ ಕೇಳುಗರು ನನ್ನನ್ನು ಕ್ಷಮಿಸುವುದಿಲ್ಲ. ಹೊಳೆದಂಡೆಯ ಕಾಡುಮಾವಿನ ಮರಗಳಲ್ಲಿ ಬಿಡುವ ಎಳೆಯ ಕಾಯಿ ಅದು. ಒಂದೊಂದು ಮರದ ಪರಿಮಳ ಒಂದೊಂದು ಬಗೆ. ಇಂಥ ಹೊಳೆಯ ಇಂಥ ತಿರುವಿನ ಮರದ್ದೇ ಆಗಬೇಕು ಎಂದು ಅಜ್ಜಿಯ ಹಟ. ಮರ ಹತ್ತಿದವನು ಮಿಡಿಯನ್ನು ನೆಲಕ್ಕೆ ಬೀಳಿಸಕೂಡದು, ತೊಟ್ಟು ಮುರಿಯಕೂಡದು, ಸೊನೆ ಹೋಗಕೂಡದು. ಸೊನೆ ಹೋದರೆ ಪರಿಮಳವೂ ಹೋಯಿತು. ಭರಣಿಯಲ್ಲಿ ಉಪ್ಪಿನ ಜೊತೆ ಪದರು ಪದರಾಗಿ ತುಂಬಿ, ಮಿಡಿ ನೀರು ಬಿಟ್ಟು ಚಿರುಟಿದ ಮೇಲೆ ಸಾಸಿವೆ, ಮೆಣಸು ಅರೆದು ಕಲಸುತ್ತಿದ್ದಳು. ಹೀಗೆ ಹಾಕಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಅಟ್ಟದ ಮೇಲೆ ಸಾಲಾಗಿ ಕೂತ ಆ ಭರಣಿಗಳೇ ನಮ್ಮ ಮನೆಯ ನಿಜವಾದ ಠೇವಣಿ. ಮೇಲೋಗರ ಏನೂ ಇಲ್ಲದ ದಿನ ಉಪ್ಪಿನಲ್ಲಿದ್ದ ನಾಲ್ಕು ಮಿಡಿ ಕಿವುಚಿ, ನೀರು ಹೊಯ್ದು, ಇಂಗಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಉಂಡಾದ ಮೇಲೆ ಅದನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದವನಿಗೆ ನಿದ್ದೆ ಬಾರದಿರುವುದಿಲ್ಲ. ಮೇಲೆ ಹೇಳಿದ ಸಂಜೆಯ ಚಾದ ರಹಸ್ಯವೂ ಇದೇ. ಅಪ್ಪೆಮಿಡಿಗೆ ಈಗ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಅಜ್ಜಿಗೆ ಅದನ್ನು ತಿಳಿಸಿದ್ದರೆ ಯಾವ ಹೊಳೆಯದಕ್ಕೆ ಎಂದು ಕೇಳುತ್ತಿದ್ದಳು.

1965ರ ಕತೆಯನ್ನು ಮನೆಯಲ್ಲಿ ಈಗಲೂ ಹೇಳುತ್ತಾರೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಯುದ್ಧವೂ ನಡೆದಿತ್ತು, ದೇಶದಲ್ಲಿ ಧಾನ್ಯವಿರಲಿಲ್ಲ. ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಯನ್ನು ಕಾಯುವ ಸ್ಥಿತಿ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಸೋಮವಾರ ರಾತ್ರಿ ನಮ್ಮ ಮನೆಯಲ್ಲೂ ಒಲೆ ಹಚ್ಚಬಾರದು ಎಂದು ಅಜ್ಜ ಸಾರಿದರು. ಅಜ್ಜಿ ಮರುಮಾತಾಡಲಿಲ್ಲ; ಏಕಾದಶಿಗಳ ಜೊತೆ ಇದೂ ಒಂದು ಎಂದು ಸೇರಿಸಿಕೊಂಡಳು. ಆದರೆ ಸೋಮವಾರ ಸಂಜೆ ಕತ್ತಲಾದ ಮೇಲೆ ಘಟ್ಟ ಹತ್ತಿ ಬಂದ ಇಬ್ಬರು ಜಗಲಿಯಲ್ಲಿ ಕೂತಾಗ ಒಲೆ ಹೊತ್ತಿಕೊಂಡಿತು. ಅಜ್ಜ ಕೆಮ್ಮಿದರು. ಶಾಸ್ತ್ರಿಗಳು ಬಿಡಲು ಹೇಳಿದ್ದು ನಮ್ಮ ಊಟವನ್ನು, ಬಂದವರದನ್ನಲ್ಲ ಎಂದಳಂತೆ ಅಜ್ಜಿ. ಅವರಿಬ್ಬರೂ ಉಂಡರು, ಮನೆಯವರು ಮಲಗಿದರು.

ವಸ್ತಿ ಬಸ್ಸು ಬಂದದ್ದು ಇದಾದ ಎಷ್ಟೋ ವರ್ಷದ ಮೇಲೆ. ಕೇಳುಗರಲ್ಲಿ ಎಳೆಯರಿಗೆ ಇದನ್ನು ವಿವರಿಸಬೇಕಾದೀತು. ರಾತ್ರಿ ಎಂಟರ ಮೇಲೆ ಊರಿಗೆ ಬಂದು ಅಲ್ಲೇ ತಂಗಿ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಪೇಟೆಗೆ ಹೊರಡುವ ಸರ್ಕಾರಿ ಬಸ್ಸು ಅದು. ಶಾಲೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವವರಿಗೆಲ್ಲ ಅದೇ ಆಧಾರ. ಬಸ್ಸು ಮೇಲಿನ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಅದರ ಸೀಟಿನ ಮೇಲೆಯೇ ಮಲಗಬೇಕು. ಊಟ? ಇಲಾಖೆಯ ಯಾವ ಕಾಗದದಲ್ಲೂ ಅದರ ಮಾತಿಲ್ಲ. ಮೊದಲ ರಾತ್ರಿಯೇ ಅಜ್ಜಿ ಚಿಕ್ಕಪ್ಪನ ಕೈಗೆ ಲಾಟೀನು ಕೊಟ್ಟು ಮೇಲೆ ಕಳಿಸಿದಳು. ಅಂದಿನಿಂದ ಆ ಇಬ್ಬರ ಅಕ್ಕಿ ದಿನದ ಅಳತೆಗೆ ಸೇರಿಹೋಯಿತು. ಡ್ರೈವರುಗಳು ಬದಲಾಗುತ್ತಿದ್ದರು. ಗದಗಿನ ಕಡೆಯವರು, ಹಾವೇರಿಯವರು, ವಿಜಾಪುರದವರು. ರೊಟ್ಟಿ ಉಂಡು ಬೆಳೆದ ಅವರಿಗೆ ನಮ್ಮ ಬೆಲ್ಲ ಹಾಕಿದ ಅಡುಗೆ ಸಪ್ಪೆ. ಒಬ್ಬ ಕಂಡಕ್ಟರ್ ಮೂರನೆಯ ದಿನವೇ, "ಯವ್ವಾ, ಒಂದ್ ಹಸಿಮೆಣಸಿನಕಾಯಿ ಇದ್ರ ಕೊಡ್ರಿ" ಎಂದ. ಮರುದಿನದಿಂದ ಅವನ ಎಲೆಯ ಅಂಚಿಗೆ ಎರಡು ಹಸಿಮೆಣಸು, ಒಂದು ಹರಳು ಉಪ್ಪು. ಅವನು ರಜೆಗೆ ಊರಿಗೆ ಹೋಗಿ ಬಂದಾಗ ತಾಯಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ತಂದ. ಅಜ್ಜಿ ಅದನ್ನು ನಾಲಿಗೆಗೆ ಮುಟ್ಟಿಸಿ ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಡಬ್ಬಿಯನ್ನು ಜೋಪಾನವಾಗಿ ಎತ್ತಿಟ್ಟಳು. ಮುಂದೆ ಬಯಲುಸೀಮೆಯವರು ಯಾರೇ ಬಂದರೂ ಆ ಡಬ್ಬಿ ಕೆಳಗಿಳಿಯುತ್ತಿತ್ತು.

ರೇಡಿಯೊದಲ್ಲಿ ಕೂತು ಮಾತಾಡುತ್ತಿರುವುದರಿಂದ ಇದನ್ನೂ ಹೇಳಬೇಕು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಶುರುವಾಗಿತ್ತು. ನಮ್ಮ ಮನೆಗೆ ರೇಡಿಯೊ ಬಂದದ್ದು ಬಹಳ ತಡವಾಗಿ, ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲದಲ್ಲಿ. ಅಜ್ಜಿ ವಾರ್ತೆ ಕೇಳುತ್ತಿರಲಿಲ್ಲ. ಒಮ್ಮೆ ಯಾರೋ ಪಂಡಿತರು ಸುದೀರ್ಘವಾಗಿ ಭಾಷಣ ಮಾಡುತ್ತಿದ್ದರು. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, ಇಷ್ಟು ಹೊತ್ತು ಮಾತಾಡಿಸುತ್ತಾರಲ್ಲ, ಅವರಿಗೆ ಆಸರಿಗೆ ಕೊಟ್ಟಿದ್ದಾರೋ ಇಲ್ಲವೋ ಎಂದಳು. ನಿಲಯದವರು ನನಗೆ ಚಹಾ ಕೊಟ್ಟಿದ್ದಾರೆ ಎಂದು ಇಲ್ಲಿ ದಾಖಲಿಸುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಚೆನ್ನಾಗಿರುತ್ತದೆ. ಆದರೆ ಪೂರ್ತಿಯಾಗುವುದಿಲ್ಲ.

ಅಜ್ಜಿಯ ಜಗಲಿಗೆ ಮೆಟ್ಟಿಲುಗಳಿದ್ದವು. ಯಾರು ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಶಾಲೆಯ ಮಾಸ್ತರು ಒಳಜಗಲಿಯಲ್ಲಿ, ಬಳೆಗಾರ ಹೊರಜಗಲಿಯಲ್ಲಿ, ಕೊಯ್ಲಿಗೆ ಬರುವ ಕೊನೆಗೌಡ ಅಂಗಳದ ಚಪ್ಪರದ ಕೆಳಗೆ. ಎಂಬತ್ತಡಿ ಮರದ ತುದಿಯಲ್ಲಿ ನಿಂತು, ಮರದಿಂದ ಮರಕ್ಕೆ ಜೀಕಿ, ಇಡೀ ವರ್ಷದ ನಮ್ಮ ಅನ್ನವನ್ನು ಕೆಳಗಿಳಿಸುತ್ತಿದ್ದವನು ತಾನು ಉಂಡ ಎಲೆಯನ್ನು ತಾನೇ ಎತ್ತಿ, ನೆಲಕ್ಕೆ ಸಗಣಿ ಹಚ್ಚಿ ಹೋಗುತ್ತಿದ್ದ. ಅವನಿಗೂ ಅದೇ ಅನ್ನ, ಅದೇ ತಂಬುಳಿ, ಬಹುಶಃ ಎಲ್ಲರಿಗಿಂತ ಹೆಚ್ಚು ತುಪ್ಪ. ಆದರೆ ಬಡಿಸುವ ಕೈ ಮೇಲಿನಿಂದ ಬೀಳಿಸುತ್ತಿತ್ತು, ಎಲೆಗೆ ತಾಗುತ್ತಿರಲಿಲ್ಲ. ಬಸ್ಸಿನವರನ್ನು ಅವಳು ಜಾತಿ ಕೇಳದೆ ಒಳಜಗಲಿಗೆ ಕರೆದಳು. ಕೇಳಿದರೆ ಕಷ್ಟವಾದೀತು ಎಂದು ಗೊತ್ತಿದ್ದೇ ಕೇಳಲಿಲ್ಲ ಎಂದು ನನ್ನ ಊಹೆ. ಕೊನೆಗೌಡನ ಜಾತಿ ಗೊತ್ತಿತ್ತು. ಹಾಗಾಗಿ ಅವಳ ಕಡೆಯ ದಿನದವರೆಗೂ ಅವನು ಚಪ್ಪರದ ಕೆಳಗೇ ಉಂಡ. ಕಾಲ ಹಾಗಿತ್ತು ಎನ್ನುವವರಿದ್ದಾರೆ. ಕಾಲ ಹಾಗಿದ್ದದ್ದು ನಿಜ. ಚಪ್ಪರದ ಕೆಳಗೆ ಕೂತವನಿಗೂ ಅದು ಗೊತ್ತಿತ್ತು.

ಇನ್ನೊಂದು ಮಾತು ನನ್ನ ಚಿಕ್ಕಮ್ಮನದು. ಅಜ್ಜಿಯನ್ನು ಹೊಗಳುವವರ ನಡುವೆ ಅವಳೊಮ್ಮೆ, "ಅತ್ತೆ ಕರೆದರು, ನಾವು ಬೇಯಿಸಿದೆವು" ಎಂದುಬಿಟ್ಟಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಅಕ್ಕಪಕ್ಕದವರು ಮುಯ್ಯಾಳಾಗಿ ಬಂದು ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕೂರುತ್ತಿದ್ದರು. ಒಂದು ಕಡೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಇನ್ನೊಂದು ಕಡೆ ಅಷ್ಟೂ ಜನಕ್ಕೆ ಅವಲಕ್ಕಿ, ಕಾಫಿ ಆಗಬೇಕು. ಅವರು ಎದ್ದು ಹೋದ ಮೇಲೆ ಲೋಟ ತೊಳೆದು ಮಲಗಿ, ನಸುಕಿಗೆ ಎದ್ದು ವಸ್ತಿ ಬಸ್ಸಿನವರಿಗೆ ಚಾ ಕಾಸುತ್ತಿದ್ದವರು ಆಯಿ ಮತ್ತು ಚಿಕ್ಕಮ್ಮ. ಗಂಡಸರು ಜಗಲಿಯಲ್ಲಿ ಕೂತು ಗಳಿಸಿದ ಒಳ್ಳೆಯ ಹೆಸರಿನ ಹಿಂದೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಮೂರು ಜೊತೆ ಕಣ್ಣು ಉರಿಯುತ್ತಿದ್ದವು. ಅಜ್ಜಿ ಸೊಸೆಯಂದಿರನ್ನು ಕೂರಿಸಿ ಬಡಿಸಿದ ಮೇಲೆಯೇ ತಾನು ಉಣ್ಣುತ್ತಿದ್ದಳು ಎಂಬುದನ್ನು ಚಿಕ್ಕಮ್ಮನೇ ಒಪ್ಪುತ್ತಾಳೆ. ಕಡೆಯವಳ ಎಲೆಗೆ ಏನು ಉಳಿಯುತ್ತಿತ್ತು ಎಂದು ಕೇಳಿದರೆ, "ಉಪ್ಪಿನಕಾಯಿ ಇರ್ತಿತ್ತು" ಎಂದಳು.

ಅಜ್ಜಿ ಹೀಗೇಕಾದಳು? ಅವಳ ತವರು ಸಿದ್ದಾಪುರ ತಾಲ್ಲೂಕು. ಆಗ ಅದು ಮುಂಬೈ ಪ್ರಾಂತ್ಯದಲ್ಲಿತ್ತು. 1930ರಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹದಿಂದ ಎದ್ದ ಅಲೆ ಘಟ್ಟದ ಮೇಲೆ ಕರನಿರಾಕರಣೆಯಾಗಿ ಹಬ್ಬಿತು. ಭೂಕಂದಾಯ ಕೊಡುವುದಿಲ್ಲ ಎಂದ ರೈತರ ಜಮೀನು, ದನ, ಪಾತ್ರೆಪಗಡಗಳನ್ನು ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತರು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಆ ಹೆಂಗಸರ ಸ್ಮಾರಕವಿದೆ. 1932ರಲ್ಲಿ ಅಜ್ಜಿಗೆ ಒಂಬತ್ತೋ ಹತ್ತೋ ವರ್ಷ. ಅನ್ನದ ತಪ್ಪಲೆಯೂ ಸೇರಿ ಮನೆಯ ತಾಮ್ರ, ಹಿತ್ತಾಳೆಯೆಲ್ಲ ಗಾಡಿಗೆ ಏರಿದ್ದನ್ನು ಅವಳು ನೋಡಿದ್ದಳು. ಕೆಲವು ಕಾಲ ಅವಳನ್ನೂ ತಮ್ಮಂದಿರನ್ನೂ ನೆಂಟರ ಮನೆಗಳಲ್ಲಿ ಹಂಚಿ ಇಟ್ಟಿದ್ದರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡವರಿಗೆ ಜಮೀನು ಹಿಂದಿರುಗಿಸುವ ಕಾನೂನಾಯಿತು. ಅಷ್ಟರಲ್ಲಿ ಅಜ್ಜಿಗೆ ಮದುವೆಯಾಗಿತ್ತು.

ಆ ನೆಂಟರ ಮನೆಗಳ ಬಗ್ಗೆ ಅವಳು ಹೆಚ್ಚು ಹೇಳಿದವಳಲ್ಲ. ಒಳ್ಳೆಯವರು, ಹೊಟ್ಟೆತುಂಬ ಹಾಕಿದರು ಎನ್ನುತ್ತಿದ್ದಳು. ಎರಡನೆಯ ಸಲ ಅನ್ನ ಬೇಕೆಂದು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲವಂತೆ. ಅದಕ್ಕೇ ಇರಬೇಕು, ನಮ್ಮ ಮನೆಯಲ್ಲಿ ಅನ್ನ ಬೇಕೇ ಎಂದು ಯಾರನ್ನೂ ಅವಳು ಕೇಳುತ್ತಿರಲಿಲ್ಲ, ಬಡಿಸಿಬಿಡುತ್ತಿದ್ದಳು. ಒಂದು ಘಟನೆಯಿಂದ ಒಬ್ಬರ ಸ್ವಭಾವವನ್ನೆಲ್ಲ ಬಿಡಿಸಿಬಿಡುವುದು ಕಾದಂಬರಿಕಾರರ ಕೆಲಸ, ನಾನು ಅಷ್ಟು ದೂರ ಹೋಗುವುದಿಲ್ಲ. ಅವಳ ತಮ್ಮಂದಿರೂ ಅದೇ ಮನೆಗಳಲ್ಲಿ ಉಂಡವರು. ಅವರಲ್ಲೊಬ್ಬ ಊರಿಗೇ ಹೆಸರಾದ ಜಿಪುಣ.

ಆದರೆ ಒಂದು ಮಾತು ನಿಜ. ಅಜ್ಜಿಗೆ ನೆಂಟಳಾಗಲು ಬರುತ್ತಿರಲಿಲ್ಲ. ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಅತ್ತೆಯ ಮನೆಯಲ್ಲಿ ಕೆಲವು ದಿನ ಇರಬೇಕಾಯಿತು. ಸ್ವಂತ ಮಗಳ ಮನೆ. ಎರಡನೆಯ ದಿನದಿಂದಲೇ ಚಡಪಡಿಕೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ತಡಕಾಡಿಕೊಂಡು ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಸುಲಿಯಲು ಕೊಡು ಎಂದು ಕೂರುವಳು. ಯಾರಾದರೂ ತಟ್ಟೆ ತಂದು ಮುಂದಿಟ್ಟರೆ, "ನಂಗೆ ಹಸಿವಿಲ್ಲೆ, ನೀವು ಉಣ್ಣಿ" ಎನ್ನುವಳು. ಅಕ್ಕಪಕ್ಕದ ಮನೆಯವರು ನೋಡಲು ಬಂದರಂತೂ ಮುಗಿಯಿತು: ಅದು ತನ್ನ ಮನೆಯಲ್ಲ, ಒಳಗೆ ಏನಿದೆಯೋ ಗೊತ್ತಿಲ್ಲ, ಆದರೂ, ಉಂಡುಕೊಂಡೇ ಹೋಗಬೇಕು ಎಂದು ಹೇಳಿಬಿಡುವಳು. ಅತ್ತೆ ಒಳಗೆ ಹಣೆ ಚಚ್ಚಿಕೊಳ್ಳುವಳು. ಫ್ಲಾಟಿನ ಆ ಮಹಡಿಯಲ್ಲಿ ವರ್ಷಗಳಿಂದ ಎದುರುಬದುರು ಇದ್ದೂ ಮಾತಾಡದಿದ್ದ ಎರಡು ಮನೆಯವರು ಒಂದೇ ಮಧ್ಯಾಹ್ನ ಅಲ್ಲಿ ಸೇರಿ ಉಪ್ಪಿಟ್ಟು ತಿಂದರಂತೆ. ಅವರು ಆಮೇಲೆಯೂ ಮಾತಾಡಿದರೋ ಇಲ್ಲವೋ ಅತ್ತೆ ಹೇಳಲಿಲ್ಲ.

ಅಜ್ಜಿ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ, ಹೆಚ್ಚು ನರಳದೆ. ವೈಕುಂಠ ಸಮಾರಾಧನೆಯ ಹಿಂದಿನ ದಿನ ಅಡುಗೆಭಟ್ಟರು ಜಗಲಿಗೆ ಬಂದು, ನಾಳೆ ಎಲೆ ಎಷ್ಟು ಹಾಕಲಿ ಎಂದು ಕೇಳಿದರು. ಚಿಕ್ಕಪ್ಪ ಕರೆದವರ ಪಟ್ಟಿ ತೆಗೆದು ಒಂದು ಲೆಕ್ಕ ಹೇಳಿದರು. ಯಾವುದಕ್ಕೂ ಇರಲಿ ಎಂದು ಅದರ ಮೇಲೆ ಇಷ್ಟು ಸೇರಿಸಿದರು. ಮರುದಿನ ಬೆಳಗ್ಗೆ ಹತ್ತು ಗಂಟೆಗೇ ಆ ಲೆಕ್ಕ ತಪ್ಪುವುದು ಕಾಣತೊಡಗಿತು. ಕರೆಯದವರು ಬಂದರು. ಕರೆಯಲು ವಿಳಾಸವೇ ಇಲ್ಲದವರು ಬಂದರು. ಬಳೆಗಾರನ ಮಗ ಬಂದ. ಹಿಂದೆಂದೋ ನಮ್ಮೂರ ಶಾಲೆಯಲ್ಲಿದ್ದ ಅಕ್ಕೋರು ಮೊಮ್ಮಗಳ ಕೈ ಹಿಡಿದು ರಸ್ತೆ ಇಳಿದು ಬಂದರು. ಹಸಿಮೆಣಸಿನಕಾಯಿಯ ಕಂಡಕ್ಟರ್, ನಿವೃತ್ತನಾಗಿ ಮೀಸೆ ಬೆಳ್ಳಗಾದವನು, ಹಾವೇರಿಯಿಂದ ಎರಡು ಬಸ್ಸು ಬದಲಿಸಿ ಬಂದ. ಕೊನೆಗೌಡ ಮಗನ ಜೊತೆ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತ. ಚಿಕ್ಕಪ್ಪ ಅವನನ್ನು ಮೇಲೆ ಕರೆದರು. ಅವನು ಬರಲಿಲ್ಲ, ಮಗ ಹತ್ತಿ ಬಂದು ಕೂತ.

ಮೊದಲ ಪಂಕ್ತಿ ಏಳುವ ಹೊತ್ತಿಗೆ ಹುಳಿ ಅರ್ಧಕ್ಕಿಳಿದಿತ್ತು, ಇನ್ನೂ ಎರಡು ಪಂಕ್ತಿಯ ಜನ ಅಂಗಳದಲ್ಲಿದ್ದರು. ಭಟ್ಟರು ಕೈ ಒರೆಸಿಕೊಳ್ಳುತ್ತ ಚಿಕ್ಕಪ್ಪನ ಮುಖ ನೋಡಿದರು, ಚಿಕ್ಕಪ್ಪ ಅಪ್ಪಯ್ಯನ ಮುಖ ನೋಡಿದರು. ಅಡುಗೆಮನೆಯಿಂದ ಚಿಕ್ಕಮ್ಮ ಹೊರಗೆ ಬಂದು ಅಂಗಳವನ್ನೊಮ್ಮೆ ನೋಡಿದಳು. ಇನ್ನೊಂದು ಹಂಡೆ ಅಕ್ಕಿ ಇಡಿ ಎಂದು ಭಟ್ಟರಿಗೆ ಹೇಳಿ, ನನ್ನ ಮಗನನ್ನು ಒಂದೆಲಗಕ್ಕೆ ಬಾವಿಕಟ್ಟೆಗೆ ಓಡಿಸಿ, ಸೆರಗು ಸಿಕ್ಕಿಸಿಕೊಂಡು ಒರಳಿನ ಕಡೆಗೆ ಹೊರಟವಳು ಆಯಿಯತ್ತ ತಿರುಗಿ, "ಕಂಡ್ಯನೇ, ಅತ್ತೆ ಸತ್ತ ಮೇಲೂ ಜನ ಕಳ್ಸದು ಬಿಟ್ಟಿದ್ದಿಲ್ಲೆ" ಎಂದಳು.